ಹಾರೆ ಸಾಕೋ, ಹಾರೆ ಹಿಡಿಯುವ ಕೈಯೂ ಬೇಕೋ?

ಮಂಗಳ ಗ್ರಹಕ್ಕೆ ಮನುಷ್ಯರನ್ನು ಕಳುಹಿಸಬೇಕೇ ಬೇಡವೇ ಎಂಬ ಮಾತು ಬಂದಾಗ ಹೆಚ್ಚಿನವರು ದುಡ್ಡಿನಿಂದ ಶುರುಮಾಡುತ್ತಾರೆ. ದುಡ್ಡಿನ ಮಾತು ಆಮೇಲೆ ಬರಲಿ. ಮೊದಲು ಒಂದು ಮೊಳೆಯ ಕತೆ ನೋಡುವ.

2018ರ ನವೆಂಬರ್ 26ರಂದು ಮಂಗಳದ ನೆಲಕ್ಕಿಳಿದ ಇನ್‌ಸೈಟ್ ನೌಕೆಯಲ್ಲಿ 40 ಸೆಂಟಿಮೀಟರ್ ಉದ್ದದ, ಹೆಬ್ಬೆರಳಿಗಿಂತ ತುಸು ದಪ್ಪದ ಒಂದು ಮೊಳೆ ಇತ್ತು. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಮಾಡಿಕೊಟ್ಟದ್ದು. ಮೊಳೆಯ ಹೊಟ್ಟೆಯೊಳಗೇ ಸ್ಪ್ರಿಂಗಿನ ಸುತ್ತಿಗೆ. ಒಳಗಿನಿಂದ ತನಗೆ ತಾನೇ ಬಡಿದುಕೊಳ್ಳುತ್ತ 5 ಮೀಟರ್ ಆಳಕ್ಕೆ ಇಳಿಯಬೇಕು. ಬಾಲದ ಪಟ್ಟಿಯಲ್ಲಿರುವ ಉಷ್ಣಮಾಪಕಗಳು ಗ್ರಹದ ಒಡಲಿನಿಂದ ಎಷ್ಟು ಬಿಸಿ ಮೇಲೆ ಬರುತ್ತಿದೆ ಎಂದು ಅಳೆಯಬೇಕು. ಹೀಗೆ ಬಡಿಯುವ ಮೊಳೆಗೆ ಹಿಂದೊದೆತ ಇದ್ದೇ ಇರುತ್ತದೆ. ಸುತ್ತಲಿನ ಮಣ್ಣು ಮೈಯನ್ನು ಬಿಗಿಯಾಗಿ ಹಿಡಿದರೆ ಮಾತ್ರ ಆ ಒದೆತ ಅಡಗಿ ಮೊಳೆ ಕೆಳಗೆ ಹೋಗುತ್ತದೆ. ಸಡಿಲ ಮರಳು ಸಿಗುತ್ತದೆಂಬ ಅಂದಾಜಿನಲ್ಲಿ ಅದನ್ನು ಮಾಡಿದ್ದರು. ಸಿಕ್ಕಿದ್ದು ಗಂಟುಕಟ್ಟುವ ಮಣ್ಣು. ಮೊಳೆಯ ಸುತ್ತ ಅದು ಕುಸಿಯಲಿಲ್ಲ, ಗುಂಡಿಯಾಯಿತು. ಮೊಳೆ ನಿಂತಲ್ಲೇ ಕುಣಿಯಿತು.

2019ರ ಫೆಬ್ರವರಿ ಕೊನೆಗೆ ಶುರುವಾದ ಈ ಬಡಿತ 2021ರ ಜನವರಿಯವರೆಗೆ ನಡೆಯಿತು. ನೌಕೆಯ ಕೈಯಲ್ಲಿದ್ದ ಸಣ್ಣ ಮೊಗೆಯಿಂದ ಪಕ್ಕದ ಮಣ್ಣನ್ನು ಒತ್ತಿ ನೋಡಿದರು, ಮೊಳೆಯನ್ನೇ ಬದಿಗೆ ಒತ್ತಿಹಿಡಿದರು, ತಲೆಯ ಮೇಲಿಂದ ಅದುಮಿದರು. ನಡುವೆ ಒಮ್ಮೆ ಅದು ಅರ್ಧದಷ್ಟು ಹೊರಗೇ ಬಂದು ನಿಂತಿತು. ಕೊನೆಗೆ ಮೊಳೆಯ ತಲೆ ನೆಲಮಟ್ಟದಿಂದ ಎರಡು-ಮೂರು ಸೆಂಟಿಮೀಟರ್ ಕೆಳಗೆ ಹೋದಲ್ಲಿಗೆ ಕೈಬಿಟ್ಟರು. ಸುಮಾರು ಎರಡು ವರ್ಷದ ದುಡಿಮೆ. ಪಿಕ್ಕಾಸು ಹಿಡಿದು ಗೊತ್ತಿದ್ದ ಒಬ್ಬ ಆಳು ಅಲ್ಲಿ ನಿಂತಿದ್ದರೆ ಮಣ್ಣನ್ನು ಕಾಲಿನಲ್ಲಿ ತುಳಿದು ಗಟ್ಟಿಮಾಡಿ, ಮೊಳೆಯ ತಲೆಗೆ ಎರಡೇಟು ಹಾಕಿ, ಮಧ್ಯಾಹ್ನದ ಊಟಕ್ಕೆ ಹೋಗುತ್ತಿದ್ದ.

ಮನುಷ್ಯರು ಹೋಗಬೇಕೆನ್ನುವವರ ನಿಜವಾದ ವಾದ ಇಷ್ಟೇ. ಉಳಿದದ್ದೆಲ್ಲ ಭಾಷಣ.

ಇದೇ ಅಳತೆಯನ್ನು ಚಂದ್ರನ ಮೇಲೆ ಮನುಷ್ಯರೇ ಮಾಡಲು ಹೋದಾಗ ಏನಾಯಿತೆಂದು ನೋಡಿದರೆ ವಾದಕ್ಕೆ ಇನ್ನೊಂದು ಮಗ್ಗುಲು ಸಿಗುತ್ತದೆ. 1971ರಲ್ಲಿ ಅಪೋಲೊ 15ರವರು ಇದೇ ರೀತಿ ಒಡಲ ಬಿಸಿ ಅಳೆಯಲು ಡ್ರಿಲ್ ಒಯ್ದಿದ್ದರು. ಕೊರೆಯುವ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವಲ್ಲಿ ಹೊರಮೈಯ ತಿರುಪು ಗೆರೆ ಕಡಿದುಹೋಗುತ್ತಿತ್ತು. ಕೊರೆದ ಪುಡಿ ಮೇಲೆ ಬರಲಾಗದೆ ಅಲ್ಲೇ ಜಗ್ಗಿ ಕೂತು ಡ್ರಿಲ್ ಹಿಡಿದುಕೊಂಡಿತು. ಮೂರು ಮೀಟರಿನ ಲೆಕ್ಕ ಹಾಕಿದ್ದು ಒಂದೂವರೆ ಮೀಟರಿನ ಆಸುಪಾಸಿನಲ್ಲಿ ಮುಗಿಯಿತು. ಮುಂದಿನ ಯಾನಕ್ಕೆ ಕೊಳವೆಯನ್ನು ತಿದ್ದಿದರು. 1972ರ ಏಪ್ರಿಲಿನಲ್ಲಿ ಅಪೋಲೊ 16ರಲ್ಲಿ ಗುಂಡಿ ಚಂದವಾಗಿ ಇಳಿಯಿತು. ಅಷ್ಟರಲ್ಲಿ ಜಾನ್ ಯಂಗ್ ಅವರ ಕಾಲಿಗೆ ವಯರು ಸಿಕ್ಕಿಕೊಂಡು ಬುಡದಲ್ಲೇ ಕಿತ್ತುಬಂತು, ಪ್ರಯೋಗವೇ ಹೋಯಿತು. ದಪ್ಪ ಉಡುಪು ಹಾಕಿದವನಿಗೆ ತನ್ನ ಪಾದವೇ ಕಾಣುವುದಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಅಪೋಲೊ 17ರವರು ಎರಡು ಮೀಟರಿಗೂ ಮಿಕ್ಕಿ ಆಳಕ್ಕೆ ಮಾಪಕ ಇಳಿಸಿ, ಸರಿಯಾದ ಅಳತೆ ತೆಗೆದರು. ಮಂಗಳದಲ್ಲಿ ಒಂದು ಕಾಲು ಇಲ್ಲದ್ದಕ್ಕೆ ಕೆಲಸ ಕೆಟ್ಟಿತು, ಚಂದ್ರನಲ್ಲಿ ಒಂದು ಕಾಲು ಇದ್ದದ್ದಕ್ಕೆ ಕೆಟ್ಟಿತು. ಆದರೆ ಚಂದ್ರನಲ್ಲಿ ಒಂದೂವರೆ ವರ್ಷದೊಳಗೆ ಮೂರನೇ ಸಲಕ್ಕೆ ಸರಿಯಾಯಿತು ಎಂಬುದೂ ಲೆಕ್ಕಕ್ಕೆ ಬರಬೇಕು.

ಇನ್ನು ಓಡಾಟ. ಆಪರ್ಚುನಿಟಿ ಎಂಬ ರೋವರ್, ಎಂದರೆ ಯಂತ್ರಗಾಡಿ, ಮಂಗಳದಲ್ಲಿ 14 ವರ್ಷಗಳಲ್ಲಿ ಓಡಿದ್ದು 45 ಕಿಲೋಮೀಟರ್, ಎಂದರೆ ಕಾಸರಗೋಡಿನಿಂದ ಹೊರಟು ಮಂಗಳೂರು ಪೇಟೆ ಮುಟ್ಟುವುದಕ್ಕೂ ಸಾಲದು. ಅಪೋಲೊ 17ರ ಇಬ್ಬರು ಮೂರು ದಿನದಲ್ಲಿ, ಹೊರಗೆ ಕಳೆದ 22 ಗಂಟೆಯೊಳಗೆ, ಗಾಡಿಯಲ್ಲಿ 35 ಕಿಲೋಮೀಟರ್ ಸುತ್ತಿ 110 ಕಿಲೋ ಕಲ್ಲು-ಮಣ್ಣು ಹೊತ್ತು ತಂದರು. ಅವರಲ್ಲಿ ಹ್ಯಾರಿಸನ್ ಶ್ಮಿಟ್ ಭೂವಿಜ್ಞಾನಿ. ನಡೆಯುತ್ತಿದ್ದಾಗ ಕಾಲಬುಡದಲ್ಲಿ ಕಿತ್ತಳೆ ಬಣ್ಣದ ಮಣ್ಣು ಕಂಡು ನಿಂತದ್ದು ಅವರ ಕಣ್ಣು. ಅದು ಹಳೆಯ ಜ್ವಾಲಾಮುಖಿ ಚಿಮ್ಮಿಸಿದ ಗಾಜಿನ ಹರಳು. ಆರು ಅಪೋಲೊ ಯಾನಗಳಿಂದ ಬಂದದ್ದು ಒಟ್ಟು 382 ಕಿಲೋ. ಅದೇ ಕಾಲದ ಸೋವಿಯತ್ ಯಂತ್ರನೌಕೆಗಳು ಮೂರು ಸಲ ಹೋಗಿ ತಂದದ್ದು ಅರ್ಧ ಕಿಲೋಗಿಂತ ಕಡಿಮೆ. ಯಂತ್ರಗಳು ಈಗ ಜಾಣವಾಗಿವೆ ನಿಜ. ಆದರೂ ಭೂಮಿಯಿಂದ ಮಂಗಳಕ್ಕೆ ರೇಡಿಯೊ ಅಲೆ ಮುಟ್ಟಲು 3ರಿಂದ 22 ನಿಮಿಷ ಬೇಕು. ಕಲ್ಲು ಸಿಕ್ಕಿದ್ದು ಇಲ್ಲಿ ಗೊತ್ತಾಗಿ, ಎಡಕ್ಕೆ ತಿರುಗು ಎಂದು ಹೇಳುವಷ್ಟರಲ್ಲಿ ಅಲ್ಲಿ ಒಂದು ದಿನದ ಕೆಲಸವೇ ಮುಗಿದಿರುತ್ತದೆ.

ಹಾಗಾದರೆ ಕೈ ಕಳುಹಿಸುವ. ಆದರೆ ಕೈಯ ಹಿಂದೆ ಒಂದು ಹೊಟ್ಟೆ, ಎರಡು ಶ್ವಾಸಕೋಶ, ಒಂದು ಮೂತ್ರಕೋಶ ಹೋಗುತ್ತದೆ. ತಕರಾರು ಹುಟ್ಟುವುದು ಅಲ್ಲಿಂದ.

ಹೋಗಲು ಏಳೆಂಟು ತಿಂಗಳು, ಅಲ್ಲಿ ಸುಮಾರು 500 ದಿನ, ಬರಲು ಮತ್ತೆ ಏಳೆಂಟು ತಿಂಗಳು. ಒಟ್ಟು 950 ದಿನವೆಂದು ಇಟ್ಟುಕೊಳ್ಳಿ. ನಡುವಿನ 500 ದಿನ ಯಾರ ಇಷ್ಟವೂ ಅಲ್ಲ. ಎರಡು ಗ್ರಹಗಳು ಸೂರ್ಯನ ಸುತ್ತ ಸರಿಯಾದ ಕೋನಕ್ಕೆ ಬರುವುದು 26 ತಿಂಗಳಿಗೊಮ್ಮೆ. ಅಡಕೆಗೆ ಕೊಳೆರೋಗದ ಮದ್ದು ಬಿಡುವವರಿಗೆ ಈ ಲೆಕ್ಕ ಅರ್ಥವಾದೀತು. ಮುಂಗಾರು ಕಚ್ಚಿಕೊಳ್ಳುವ ಮೊದಲು ಬೋರ್ಡೋ ಸಿಂಪಡಣೆ ಮುಗಿಯಬೇಕು. ಆ ನಾಲ್ಕು ಬಿಸಿಲಿನ ದಿನ ತಪ್ಪಿದರೆ ಎಷ್ಟು ಸುಣ್ಣ, ಎಷ್ಟು ಮೈಲುತುತ್ತು ದಾಸ್ತಾನಿದ್ದರೂ ಫಸಲು ನೆಲಕ್ಕೆ. ಮಂಗಳದ ಬಾಗಿಲು ತಪ್ಪಿದರೆ ಎರಡು ವರ್ಷಕ್ಕೂ ಮಿಕ್ಕಿ ಕಾಯಬೇಕು. ನಡುವೆ ಏನಾದರೂ ಸಿಡಿದರೆ ಹಿಂತಿರುಗಿ ಬರುವ ದಾರಿಯೂ ಇಲ್ಲ. 1970ರಲ್ಲಿ ಅಪೋಲೊ 13ರ ಆಮ್ಲಜನಕದ ಟ್ಯಾಂಕು ಸಿಡಿದ ಮೇಲೆ ನಾಲ್ಕು ದಿನದೊಳಗೆ ಮೂವರೂ ಮನೆಗೆ ಬಂದರು. ಮಂಗಳದ ದಾರಿಯಲ್ಲಿ ಎಂಜಿನ್ ಉರಿಸಿ ಹೊರಟಾದ ಮೇಲೆ ಸುತ್ತಿ ಬಂದರೂ ವರ್ಷಗಟ್ಟಲೆ ಹಿಡಿಯುತ್ತದೆ.

ಒಬ್ಬರಿಗೆ ದಿನಕ್ಕೆ 0.84 ಕಿಲೋ ಆಮ್ಲಜನಕ, ಪ್ಯಾಕಿಂಗ್ ಸೇರಿ ಸುಮಾರು 1.8 ಕಿಲೋ ಆಹಾರ, ಕುಡಿಯಲು ಮತ್ತು ಅಡುಗೆಗೆ ಮೂರು ಲೀಟರ್ ನೀರು. ನಾಲ್ಕು ಜನಕ್ಕೆ 950 ದಿನಕ್ಕೆ ಆಹಾರವೇ ಏಳು ಟನ್ ಹತ್ತಿರ ಆಯಿತು. ಕೆಡದಂತೆ ಕಟ್ಟಿಟ್ಟ ಆಹಾರದಲ್ಲೂ ಸಿ ಮತ್ತು ಬಿ1 ಜೀವಸತ್ವಗಳು ವರ್ಷ ಕಳೆದಂತೆ ಇಳಿಯುತ್ತವೆ. ಹೊಟ್ಟೆ ತುಂಬುತ್ತದೆ, ಒಸಡಿನಲ್ಲಿ ರಕ್ತ ಬರುತ್ತದೆ. ನೀರು ಹನ್ನೊಂದು ಟನ್ನಿಗೂ ಮಿಕ್ಕಿ ಬೇಕು. ಅಷ್ಟನ್ನು ಹೊರಲಾಗುವುದಿಲ್ಲ, ಹಾಗಾಗಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಸೋಸಿ ಮತ್ತೆ ಕುಡಿಯಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2023ರಲ್ಲಿ ನೂರಕ್ಕೆ 98ರಷ್ಟು ನೀರು ಹಿಂದಕ್ಕೆ ಸಿಗುವ ಮಟ್ಟ ಮುಟ್ಟಿದ್ದಾರೆ. ದೊಡ್ಡ ಸಾಧನೆಯೇ. ಆದರೆ ಅಲ್ಲಿಗೆ ಮುಟ್ಟುವ ಮೊದಲು 2009ರಲ್ಲಿ ಆದದ್ದನ್ನು ಬಿಡಿಸಿ ಹೇಳಬೇಕು. ಇಡೀ ವಿಷಯದ ತಿರುಳು ಅದರಲ್ಲಿದೆ.

ಮೂತ್ರವನ್ನು ಬಟ್ಟಿ ಇಳಿಸುವ ಯಂತ್ರವನ್ನು ಭೂಮಿಯ ಮೇಲೆ ಭೂಮಿಯವರ ಮೂತ್ರದಲ್ಲೇ ಪರೀಕ್ಷೆ ಮಾಡಿದ್ದರು. ನೂರಕ್ಕೆ 85 ಪಾಲು ನೀರು ಬರುತ್ತಿತ್ತು. ಮೇಲೆ ಹೋದ ಯಂತ್ರ ಕಟ್ಟಿಕೊಂಡು ನಿಂತಿತು. ಬಿಚ್ಚಿ ನೋಡಿದರೆ ಒಳಗೆ ಕ್ಯಾಲ್ಸಿಯಂ ಸಲ್ಫೇಟ್, ಸರಳವಾಗಿ ಹೇಳುವುದಾದರೆ ಜಿಪ್ಸಂ. ಭಾರವಿಲ್ಲದ ಕಡೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಸೊಂಟದ ಮೂಳೆ ಸವೆಯುತ್ತದೆ. ಸವೆದ ಕ್ಯಾಲ್ಸಿಯಂ ಮೂತ್ರದಲ್ಲೇ ಹೋಗಬೇಕು. ಮೂತ್ರ ಕೆಡದಿರಲೆಂದು ಸಲ್ಫ್ಯೂರಿಕ್ ಆಮ್ಲ ಹಾಕುತ್ತಿದ್ದರು. ಮೂಳೆಯ ಕ್ಯಾಲ್ಸಿಯಂ, ಆಮ್ಲದ ಸಲ್ಫೇಟ್ ಎರಡೂ ಕೂಡಿ, ನೀರು ಆರುತ್ತ ಬಂದಂತೆ ಗಸಿಯಾಗಿ ಕೂತಿತು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಕಲ್ಲು ಕಟ್ಟುವ ಹಾಗೆ. ತಾತ್ಕಾಲಿಕವಾಗಿ ಕಡಿಮೆ ನೀರು ತೆಗೆದು ಸುಧಾರಿಸಿದರು, ಆಮೇಲೆ ಆಮ್ಲವನ್ನೇ ಬದಲಿಸಿ ಫಾಸ್ಫಾರಿಕ್ ಹಾಕಿದರು, ಯಂತ್ರದ ಬದಲಿ ಭಾಗ ನೆಲದಿಂದ ಬಂತು. ಗಗನಯಾತ್ರಿಯ ಮೂಳೆ ಸವೆತ ಹೋಗಿ ನೀರಿನ ಯಂತ್ರಕ್ಕೆ ತಾಗುತ್ತದೆಂದು ಮೊದಲೇ ಯಾರ ಲೆಕ್ಕದಲ್ಲೂ ಇರಲಿಲ್ಲ. ನಿಲ್ದಾಣ ನೆಲದಿಂದ 400 ಕಿಲೋಮೀಟರ್ ಮೇಲಿದೆ, ಸರಕಿನ ನೌಕೆ ತಿಂಗಳುಗಳಲ್ಲಿ ಬರುತ್ತದೆ, ಹಾಗಾಗಿ ಇದು ಬರೇ ಒಂದು ತೊಂದರೆಯಾಗಿ ಉಳಿಯಿತು. ಮಂಗಳದ ದಾರಿಯಲ್ಲಾದರೆ ನಾಲ್ಕು ಜನ ಬಾಯಾರಿ ಸಾಯುವ ಸಂಗತಿ.

ಗಾಳಿಯದೂ ಇದೇ ಪಾಡು. ನಮ್ಮ ಕಾಸರಗೋಡಿನ ಪೆರ್ಲ, ಬಾಯಾರು, ಪಡ್ರೆ ಕಡೆ ಮುರಕಲ್ಲಿನ ಗುಡ್ಡೆಗೆ ಸುರಂಗ ಕೊರೆದು ನೀರು ತೆಗೆಯುವವರು ಒಳಗೆ ಹೋಗುವಾಗ ಮೇಣದಬತ್ತಿ ಹಚ್ಚಿಕೊಳ್ಳುತ್ತಾರೆ. ಬತ್ತಿ ಮಂಕಾದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ನೌಕೆಯಲ್ಲಿ ಹೊರಗೆ ಎಂಬುದೇ ಇಲ್ಲ. ಭಾರವಿಲ್ಲದ ಕಡೆ ಬಿಸಿಗಾಳಿ ಮೇಲೆ ಏರುವುದಿಲ್ಲ. ಫ್ಯಾನ್ ನಿಂತರೆ ಮಲಗಿದವನ ಮೂಗಿನ ಮುಂದೆ ಅವನದೇ ಉಸಿರಿನ ಇಂಗಾಲದ ಡೈಆಕ್ಸೈಡ್ ಗುಡ್ಡೆಯಾಗಿ ನಿಂತು ತಲೆನೋವು ಬರಿಸುತ್ತದೆ. ಗಿಡ ಬೆಳೆಸಿದರಾಯಿತು ಎನ್ನುವವರು ಅಮೆರಿಕದ ಆರಿಜೋನಾದಲ್ಲಿ 1991ರಿಂದ 1993ರವರೆಗೆ ನಡೆದ ಬಯೋಸ್ಫಿಯರ್-2 ನೋಡಬೇಕು. ಮೂರು ಎಕರೆ ಚಿಲ್ಲರೆ ಜಾಗ, ಗಾಜಿನ ಮಾಡು, ಒಳಗೆ ಗದ್ದೆ, ಕಾಡು, ಸಣ್ಣ ಕಡಲು, ಎಂಟು ಜನ. ಹದಿನಾರು ತಿಂಗಳಲ್ಲಿ ಆಮ್ಲಜನಕ ನೂರಕ್ಕೆ 20.9ರಿಂದ 14.5ಕ್ಕೆ ಇಳಿದು, ಕೊನೆಗೆ ಹೊರಗಿನಿಂದ ತುಂಬಿಸಬೇಕಾಯಿತು. ಕಾರಣ ಗೊಬ್ಬರ ಹೆಚ್ಚಾದ ಮಣ್ಣು: ಅದರ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದವು. ಅವು ಬಿಟ್ಟ ಡೈಆಕ್ಸೈಡನ್ನಾದರೂ ಗಿಡಗಳು ಮತ್ತೆ ಆಮ್ಲಜನಕ ಮಾಡಬೇಕಿತ್ತು. ಆದರೆ ಹಸಿ ಕಾಂಕ್ರೀಟಿನ ಗೋಡೆ ಅದನ್ನು ಹೀರಿ ಸುಣ್ಣದ ಕಲ್ಲು ಮಾಡಿಕೊಂಡಿತು. ಮೂರು ಎಕರೆ ತೋಟಕ್ಕೆ ಎಂಟು ಜನರ ಉಸಿರು ಸರಿದೂಗಿಸಲಾಗಲಿಲ್ಲ.

ಇಷ್ಟೆಲ್ಲ ದಾಟಿ ಮಂಗಳ ಮುಟ್ಟಿದರೆ ಇಳಿಯುವುದೇ ಕಷ್ಟ. ಅಲ್ಲಿಯ ಗಾಳಿ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ನೌಕೆಯನ್ನು ಸುಡುವಷ್ಟು ಇದೆ, ನಿಲ್ಲಿಸುವಷ್ಟು ಇಲ್ಲ. 2021ರಲ್ಲಿ ಪರ್ಸಿವಿಯರೆನ್ಸ್ ರೋವರ್ ಗಂಟೆಗೆ 19 ಸಾವಿರ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ನುಗ್ಗಿತು. ನಾಲ್ಕೂವರೆ ಮೀಟರ್ ಅಗಲದ ಕವಚ ಬಿಸಿ ತಡೆಯಿತು, ಇಪ್ಪತ್ತೊಂದೂವರೆ ಮೀಟರಿನ ಪ್ಯಾರಾಚೂಟ್ ಬಿಚ್ಚಿತು, ಆದರೂ ಗಂಟೆಗೆ 320 ಕಿಲೋಮೀಟರಿಗಿಂತ ಕೆಳಗೆ ಬರಲಿಲ್ಲ. ಉಳಿದದ್ದನ್ನು ರಾಕೆಟ್ ಉರಿಸಿಯೇ ಕಳೆಯಬೇಕಾಯಿತು. ಅದರ ತೂಕ 1,025 ಕಿಲೋ, ಒಂದು ಕಾರಿನಷ್ಟು. ಮನುಷ್ಯರ ನೌಕೆಗೆ 20 ಟನ್ನಾದರೂ ಬೇಕು. ತೂಕ ಇಪ್ಪತ್ತು ಪಾಲು ಏರಿದರೆ ಕವಚವೂ ಅದಕ್ಕೆ ತಕ್ಕಷ್ಟು ದೊಡ್ಡದಾಗಬೇಕು. ಆದರೆ ಅದು ರಾಕೆಟಿನ ಮೂತಿಯೊಳಗೆ ಹಿಡಿಯಬೇಕಲ್ಲ. ಗಾಳಿ ತುಂಬಿ ಉಬ್ಬಿಸುವ ಕವಚವನ್ನು 2022ರ ನವೆಂಬರಿನಲ್ಲಿ ಭೂಮಿಯ ವಾಯುಮಂಡಲದಲ್ಲಿ ಪರೀಕ್ಷೆ ಮಾಡಿದ್ದಾರೆ; ಅದರ ಅಗಲ 6 ಮೀಟರ್. ಶಬ್ದಕ್ಕಿಂತ ವೇಗದಲ್ಲಿ ಬರುವಾಗಲೇ ಎಂಜಿನ್ ಹಚ್ಚಿ ಇಳಿಯುವುದು ಇನ್ನೊಂದು ದಾರಿ. 20 ಟನ್ನಿನ ವಸ್ತುವನ್ನು ಮಂಗಳದಲ್ಲಿ ಇಳಿಸಿದವರು ಈವರೆಗೆ ಯಾರೂ ಇಲ್ಲ.

ಏರುವುದಕ್ಕೆ ಇಂಧನ. ನಾಲ್ವರನ್ನು ಮಂಗಳದ ನೆಲದಿಂದ ಕಕ್ಷೆಗೆ ಎತ್ತಲು ಸುಮಾರು 7 ಟನ್ ಮೀಥೇನ್, ಅದನ್ನು ಉರಿಸಲು 25ರಿಂದ 30 ಟನ್ ಆಮ್ಲಜನಕ. ಆಮ್ಲಜನಕವನ್ನು ಅಲ್ಲಿಯ ಗಾಳಿಯಿಂದಲೇ ಮಾಡಿಕೊಳ್ಳಬಹುದು. ಆ ಗಾಳಿಯಲ್ಲಿ ನೂರಕ್ಕೆ 95 ಇಂಗಾಲದ ಡೈಆಕ್ಸೈಡ್. ಪರ್ಸಿವಿಯರೆನ್ಸ್‌ನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಇದನ್ನು ಮಾಡಿ ತೋರಿಸಿದೆ. 2021ರಿಂದ 2023ರವರೆಗೆ 16 ಸಲ ಓಡಿ ಒಟ್ಟು 122 ಗ್ರಾಂ, ಅತಿ ಹೆಚ್ಚೆಂದರೆ ಗಂಟೆಗೆ 12 ಗ್ರಾಂ. ಮನುಷ್ಯನ ಉಸಿರಿಗೇ ಗಂಟೆಗೆ 35 ಗ್ರಾಂ ಬೇಕು. ಜನ ಹೊರಡುವ ಮುಂಚೆ, 14 ತಿಂಗಳಲ್ಲಿ 30 ಟನ್ ತುಂಬಿಸಬೇಕಾದರೆ ಗಂಟೆಗೆ 3 ಕಿಲೋ, ಎಂದರೆ ಮಾಕ್ಸಿಯ ಅತ್ಯುತ್ತಮ ಓಟಕ್ಕಿಂತ 250 ಪಾಲು. ಅದೂ ಹಗಲು ರಾತ್ರಿ ನಿಲ್ಲದೆ. ಕರೆಂಟು ಎಲ್ಲಿಂದ? ಮಂಗಳದ ಬಿಸಿಲು ನಮ್ಮದರ ಅರ್ಧಕ್ಕಿಂತ ಕಡಿಮೆ. 2018ರ ಜೂನಿನ ಧೂಳಿನ ಬಿರುಗಾಳಿಯಲ್ಲಿ ಆಪರ್ಚುನಿಟಿಗೆ ದಿನಕ್ಕೆ ನೂರಾರು ವ್ಯಾಟ್-ಗಂಟೆ ಕೊಡುತ್ತಿದ್ದ ಸೌರಫಲಕ 22ಕ್ಕೆ ಇಳಿದು, ಆ ರೋವರ್ ಮತ್ತೆ ಏಳಲೇ ಇಲ್ಲ. ಹಾಗಾಗಿ ಸಣ್ಣ ಅಣು ರಿಯಾಕ್ಟರ್ ಒಯ್ಯದೆ ದಾರಿಯಿಲ್ಲ. ಇದು ಆಗದ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಜನ ಹತ್ತುವ ಎರಡು ವರ್ಷ ಮೊದಲೇ ಈ ಕಾರ್ಖಾನೆ ಅಲ್ಲಿ ಓಡಿ, ಟ್ಯಾಂಕು ತುಂಬಿದೆ ಎಂಬ ಖಬರು ಬಂದಿರಬೇಕು.

ವಿಕಿರಣದ ಲೆಕ್ಕ ಕ್ಯೂರಿಯಾಸಿಟಿ ರೋವರ್ ಅಳೆದು ಕೊಟ್ಟದ್ದು: ದಾರಿಯಲ್ಲಿ ದಿನಕ್ಕೆ 1.8 ಮಿಲಿಸೀವರ್ಟ್, ನೆಲದ ಮೇಲೆ 0.67ರ ಆಸುಪಾಸು. 450 ದಿನದ ಪಯಣ, 500 ದಿನದ ವಾಸ ಕೂಡಿಸಿದರೆ 1,100 ದಾಟುತ್ತದೆ. ನಾಸಾ ಒಬ್ಬ ಯಾತ್ರಿಗೆ ಇಡೀ ಉದ್ಯೋಗಕಾಲಕ್ಕೆ ಇಟ್ಟ ಮಿತಿ 600. ಹೆಚ್ಚಿನ ಜನ ಇದನ್ನೇ ದೊಡ್ಡ ಅಡ್ಡಿ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಸಾವಿರ ಮಿಲಿಸೀವರ್ಟಿಗೆ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ಸುಮಾರು ನೂರಕ್ಕೆ ಐದರಷ್ಟು ಏರುತ್ತದೆ. ಗೊತ್ತಿದ್ದೂ ಒಪ್ಪಿ ಹೋಗುವವರಿದ್ದಾರೆ. ನೆಲದ ಮೇಲೆ ಉಳಿಯುವಷ್ಟು ದಿನ ಎರಡು-ಮೂರು ಮೀಟರ್ ಮಣ್ಣಿನಡಿ ಇದ್ದರೆ ಹೆಚ್ಚಿನದು ತಪ್ಪುತ್ತದೆ. ಸುರಂಗದ ಊರಿನವರಿಗೆ ಇದು ವಿಚಿತ್ರವೇನಲ್ಲ. ಆದರೆ ಬಾಹ್ಯಾಕಾಶದ ಚಿತ್ರಗಳಲ್ಲಿ ತೋರಿಸುವ ಗಾಜಿನ ಗುಮ್ಮಟ ಮರೆತುಬಿಡಿ. ಮಂಗಳದ ಮೊದಲ ಮನೆಗೆ ಕಿಟಕಿ ಇರಲಾರದು.

ಕಾಯಿಲೆ ಬಿದ್ದರೆ? 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡು ಜಿಲ್ಲೆಯವರು ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟದ್ದುಂಟು. ಮೂವತ್ತು-ಐವತ್ತು ಕಿಲೋಮೀಟರ್ ದೂರದ ಆಸ್ಪತ್ರೆ ಒಂದು ಗೇಟಿನಿಂದ ಇಲ್ಲದಂತಾಯಿತು. ಮಂಗಳದವರಿಗೆ ಆ ಗೇಟು ಎರಡು ವರ್ಷ ತೆರೆಯುವುದಿಲ್ಲ. ನಿಲ್ದಾಣದಲ್ಲಿದ್ದ ಒಬ್ಬ ಯಾತ್ರಿಯ ಕತ್ತಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಪ್ರಕರಣ 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಲ್ಲಿದ್ದ ಚುಚ್ಚುಮದ್ದನ್ನು ಅಳೆದು ಅಳೆದು ಕೊಟ್ಟು ದಿನ ತಳ್ಳಿ, ಸರಕಿನ ನೌಕೆಯಲ್ಲಿ ಮಾತ್ರೆ ಬಂದ ಮೇಲೆ ಸುಧಾರಿಸಿದರು. 1961ರಲ್ಲಿ ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್‌ನಲ್ಲಿ, ಇಂದು ನಮ್ಮ ಮೈತ್ರಿ ಕೇಂದ್ರ ಇರುವ ಅದೇ ಬಂಡೆಸಾಲಿನಲ್ಲಿ, ಸೋವಿಯತ್ ವೈದ್ಯ ಲಿಯೊನಿಡ್ ರೊಗೊಜೊವ್ ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದು ತೆಗೆದರು. ಒಬ್ಬನೇ ವೈದ್ಯ ಇದ್ದಾಗ ವೈದ್ಯನಿಗೇ ಕಾಯಿಲೆ ಬಂದರೆ ಇದೇ ಗತಿ. ಆದ್ದರಿಂದ ನಾಲ್ಕು ಜನರಲ್ಲಿ ಇಬ್ಬರಾದರೂ ಹೊಟ್ಟೆ ಕೊಯ್ಯಬಲ್ಲವರಿರಬೇಕು.

ಇನ್ನು ದುಡ್ಡು. ಮಂಗಳಯಾನಕ್ಕೆ ಇಸ್ರೋ ಖರ್ಚು ಮಾಡಿದ್ದು 450 ಕೋಟಿ. ಗಗನಯಾನದ ಮೊತ್ತ 2024ರಲ್ಲಿ 20,193 ಕೋಟಿಗೆ ಏರಿತು, ಎಂದರೆ ಭೂಮಿಯ ಪಕ್ಕದ ಕಕ್ಷೆಗೆ ಮನುಷ್ಯರನ್ನು ಕಳುಹಿಸುವ ಬಾಬ್ತಿನಲ್ಲಿ ಸುಮಾರು 45 ಮಂಗಳಯಾನ ಆಗುತ್ತದೆ. ಮನುಷ್ಯ ಹತ್ತಿದ ಕೂಡಲೇ ಬಿಲ್ಲು ಹೇಗೆ ಏರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ. ಹಾಗೆಂದು ಆ ದುಡ್ಡು ಉಳಿದರೆ ನಮ್ಮೂರಿನ ಮಾರ್ಗಕ್ಕೆ ಡಾಮರು ಬೀಳುತ್ತದೆಂದು ನಂಬುವವರು ನಂಬಲಿ. ನಮ್ಮದೇ ಕೇರಳದ ಇನ್ನೊಂದು ತುದಿಯ ತುಂಬಾದಿಂದ 1963ರಲ್ಲಿ ಮೊದಲ ರಾಕೆಟ್ ಹಾರಿದಾಗಿನಿಂದ ಇದೇ ಪ್ರಶ್ನೆ ಕೇಳುತ್ತಿದ್ದಾರೆ, ಮಾರ್ಗ ಹಾಗೇ ಇದೆ.

ಭೂಮಿಗೆ ಏನಾದರೂ ಆದರೆ ಮನುಷ್ಯಕುಲಕ್ಕೆ ಎರಡನೇ ಮನೆ ಬೇಕು ಎಂಬ ವಾದ ನನಗೆ ಎಲ್ಲಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಆರೂವರೆ ಕೋಟಿ ವರ್ಷದ ಹಿಂದೆ ಕ್ಷುದ್ರಗ್ರಹ ಬಡಿದು ಡೈನೋಸಾರ್‌ಗಳು ಹೋದ ಮರುದಿನವೂ ಭೂಮಿಯಲ್ಲಿ ಉಸಿರಾಡುವ ಗಾಳಿ ಇತ್ತು, ನೀರಿತ್ತು, ಇಲಿಯಂಥ ಪ್ರಾಣಿ ಬದುಕಿತ್ತು. ಮಂಗಳದ ಅತ್ಯುತ್ತಮ ದಿನ ಭೂಮಿಯ ಆ ದಿನಕ್ಕಿಂತ ಕೆಟ್ಟದ್ದು. ಅಲ್ಲಿಯ ಮಣ್ಣಿನಲ್ಲಿ ನೂರಕ್ಕೆ ಅರ್ಧದಿಂದ ಒಂದರಷ್ಟು ಪರ್‌ಕ್ಲೋರೇಟ್ ಇದೆ ಎಂದು 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದದ್ದು. ಅದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಹೋಗದಂತೆ ತಡೆಯುತ್ತದೆ. ನೀರಿನಲ್ಲಿ ಕರಗುವುದರಿಂದ ಮಣ್ಣನ್ನು ಅಕ್ಕಿ ತೊಳೆದ ಹಾಗೆ ತೊಳೆಯಬಹುದು, ತೊಳೆಯುವಷ್ಟು ನೀರು ಇದ್ದರೆ.

ಕಳುಹಿಸಬಾರದೆನ್ನುವವರ ಗಟ್ಟಿ ವಾದ ಬೇರೆಯೇ ಇದೆ, ಅದು ಚರ್ಚೆಗಳಲ್ಲಿ ಕಡಿಮೆ ಕೇಳುತ್ತದೆ. ನಮ್ಮ ಕೊಳೆ.

ಮಂಗಳಕ್ಕೆ ಇಳಿಯುವ ಯಂತ್ರನೌಕೆಯ ಮೇಲೆ ಒಟ್ಟು 3 ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬೀಜಾಣು ಇರಬಾರದು, ಚದರ ಮೀಟರಿಗೆ 300 ದಾಟಬಾರದು ಎಂಬುದು ಒಪ್ಪಿತ ನಿಯಮ. 1970ರ ದಶಕದ ವೈಕಿಂಗ್ ನೌಕೆಗಳನ್ನು ಇಡಿಯಾಗಿ ಒಲೆಯಲ್ಲಿಟ್ಟು 110 ಡಿಗ್ರಿಗೂ ಮಿಕ್ಕಿದ ಬಿಸಿಯಲ್ಲಿ ದಿನಕ್ಕೂ ಹೆಚ್ಚು ಹೊತ್ತು ಬೇಯಿಸಿದ್ದರು. ಮನುಷ್ಯನನ್ನು ಹಾಗೆ ಬೇಯಿಸಲಾಗುವುದಿಲ್ಲ. ಒಬ್ಬರ ಮೈಯಲ್ಲಿ ಇರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ. ಉಡುಪಿನ ಕೀಲುಗಳಿಂದ ಗಾಳಿ ಸೋರುತ್ತದೆ, ಬಾಗಿಲು ತೆರೆದಾಗಲೆಲ್ಲ ಒಂದಿಷ್ಟು ಹೊರಗೆ ಹೋಗುತ್ತದೆ. ಮೇಲ್ಮೈಯ ನೇರಳಾತೀತ ಕಿರಣಕ್ಕೆ ಹೆಚ್ಚಿನವು ಸಾಯುತ್ತವೆ. ಧೂಳಿನಡಿ ನೆರಳು ಸಿಕ್ಕಿದವು ಒಡನೆ ಸಾಯುವುದಿಲ್ಲ. ಆಮೇಲೆ ಆ ಮಣ್ಣಿನಲ್ಲಿ ಜೀವದ ಗುರುತು ಸಿಕ್ಕಿದರೆ ಅದು ಅಲ್ಲಿಯದೋ, ನಾವು ಬಿಟ್ಟದ್ದೋ?

ಕಾಸರಗೋಡಿನವರಿಗೆ ಈ ಪ್ರಶ್ನೆ ಹೊಸತಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆದದ್ದು 2011ರಲ್ಲಿ. ಯಾವ ಕಾಯಿಲೆ ಮದ್ದಿನಿಂದ ಬಂತು, ಯಾವುದು ಮೊದಲೇ ಇತ್ತು ಎಂಬ ಜಗಳ ಇಂದಿಗೂ ನಿಂತಿಲ್ಲ. ಸುರಿಯುವ ಮೊದಲು ಇಲ್ಲಿಯ ತೋಡಿನ ನೀರು, ಮಣ್ಣು, ಹೆತ್ತ ಮಕ್ಕಳ ಲೆಕ್ಕ ಬರೆದಿಟ್ಟಿದ್ದರೆ ಆ ಜಗಳ ಬೇಗ ತೀರುತ್ತಿತ್ತು. ಮೊದಲ ಲೆಕ್ಕ ಇಲ್ಲದ ಕಡೆ ಆಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಮಂಗಳದ ಮೊದಲ ಲೆಕ್ಕ ಇನ್ನೂ ಬರೆದಾಗಿಲ್ಲ.

ಆದ್ದರಿಂದ ನನ್ನ ಮತ ಅನುಕ್ರಮದ ಬಗ್ಗೆ. ಮನುಷ್ಯ ಹೋಗಲಿ, ಆದರೆ ಬರೇ ಹಾರೆಯಿಂದ ಆಗುವ ಲೆಕ್ಕ ಮುಗಿದ ಮೇಲೆ ಹೋಗಲಿ. ನಡುವೆ ಇನ್ನೊಂದು ಮೆಟ್ಟಿಲು ಇದೆ. ಮಂಗಳದ ಚಂದ್ರ ಫೋಬೋಸ್ ನೆಲದಿಂದ ಕೇವಲ 6,000 ಕಿಲೋಮೀಟರ್ ಮೇಲೆ ಸುತ್ತುತ್ತದೆ. ಅಲ್ಲಿ ಕೂತವನ ಆಜ್ಞೆ ಕೆಳಗಿನ ಯಂತ್ರಕ್ಕೆ ಸೆಕೆಂಡಿನ ಐವತ್ತನೇ ಒಂದು ಪಾಲಿನಲ್ಲಿ ಮುಟ್ಟುತ್ತದೆ. ಬೇಯಿಸಿ ಶುದ್ಧ ಮಾಡಿದ ಯಂತ್ರದ ಕೈ ಕೆಳಗೆ, ಅದನ್ನು ಆಡಿಸುವ ಕೈ ಮೇಲೆ. 20 ಟನ್ ಇಳಿಸುವುದು ಬೇಡ, 30 ಟನ್ ಆಮ್ಲಜನಕ ಮಾಡುವುದೂ ಬೇಡ. ತೊಂದರೆ ಇಲ್ಲವೆಂದಲ್ಲ: ಫೋಬೋಸ್‌ನಲ್ಲಿ ಭಾರ ಇಲ್ಲವೆನ್ನುವಷ್ಟು ಕಡಿಮೆ, ಮೂಳೆ ಸವೆತ ಮುಂದುವರಿಯುತ್ತದೆ, ನೀರಿನ ಯಂತ್ರಕ್ಕೆ ಕ್ಯಾಲ್ಸಿಯಂ ತಾಗುತ್ತಲೇ ಇರುತ್ತದೆ. ಫೋಬೋಸ್ ಮುಳುಗಿದಾಗ ಕೆಳಗಿನ ಯಂತ್ರ ಕಣ್ಣಿಗೆ ಮರೆ, ನಡುವೆ ಒಂದೆರಡು ಉಪಗ್ರಹ ಬೇಕು.

ಅದಕ್ಕೂ ಮೊದಲಿನ ಕೆಲಸ ಈಗಾಗಲೇ ಅರ್ಧ ಆಗಿ ನಿಂತಿದೆ. 2024ರ ಜುಲೈಯಲ್ಲಿ ಜೆಜೆರೊ ಕುಳಿಯ ಹಳೆಯ ಹೊಳೆಯ ದಾರಿಯಲ್ಲಿ ಪರ್ಸಿವಿಯರೆನ್ಸ್‌ಗೆ ಚಿರತೆಯ ಮೈಯಂತೆ ಚುಕ್ಕೆಗಳಿರುವ ಕಲ್ಲು ಸಿಕ್ಕಿತು. ಅಂಥ ಚುಕ್ಕೆಯನ್ನು ಭೂಮಿಯಲ್ಲಿ ಸೂಕ್ಷ್ಮಜೀವಿಗಳು ಮಾಡುವುದುಂಟು, ಜೀವವಿಲ್ಲದ ರಸಾಯನ ಕ್ರಿಯೆಯಿಂದಲೂ ಆಗಬಹುದು ಎಂಬ ಅಧ್ಯಯನ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಯಾವುದೆಂದು ತೀರ್ಮಾನಿಸಲು ಕಲ್ಲು ಇಲ್ಲಿಯ ಪ್ರಯೋಗಾಲಯಕ್ಕೆ ಬರಬೇಕು. ಕೊರೆದು ತೆಗೆದ ಬೆರಳುದ್ದದ ಆ ತುಂಡು, ಒಂದು ನಳಿಕೆಯಲ್ಲಿ, ರೋವರಿನ ಹೊಟ್ಟೆಯೊಳಗೇ ಇದೆ. ಬೇರೆ ಕಡೆಯ ಹತ್ತು ನಳಿಕೆಗಳನ್ನು 2022ರ ಕೊನೆಯಿಂದ 2023ರ ಜನವರಿಯೊಳಗೆ ಒಂದು ಸಮತಟ್ಟು ಜಾಗದಲ್ಲಿ, ಯಾರಾದರೂ ಬಂದು ಹೆಕ್ಕಿಕೊಳ್ಳಲೆಂದು, ನೆಲದ ಮೇಲೆ ಬಿಟ್ಟಿದ್ದಾರೆ. ಹೆಕ್ಕಿ ತರುವ ಗಾಡಿ ಇನ್ನೂ ಹೊರಟಿಲ್ಲ.